ಡಬ್ಬಿ ಟ್ಯೂನಾ: ಬೆಂದ ಮೀನಿನಿಂದ ಮಳೆಗಾಲದ ಅಡುಗೆ

ಜೂನ್ 1ರಿಂದ ಜುಲೈ 31ರವರೆಗೆ, ಒಟ್ಟು 61 ದಿನ, ಕರಾವಳಿಯಲ್ಲಿ ಯಾಂತ್ರಿಕ ದೋಣಿಗಳು ಕಡಲಿಗೆ ಇಳಿಯುವಂತಿಲ್ಲ. ಆಗ ಕೊಡಗಿಗೆ ಹತ್ತಿ ಬರುವ ಮೀನು ಕಡಿಮೆ, ಬಂದದ್ದು ದುಬಾರಿ. ಸಂಪಾಜೆ ಘಾಟಿಯಲ್ಲೋ ಮಾಕುಟ್ಟದ ದಾರಿಯಲ್ಲೋ ಮಣ್ಣು ಜರಿದರೆ ಅದೂ ಇಲ್ಲ. ಅಂಥ ದಿನಗಳಿಗೆಂದೇ ಮನೆಯಲ್ಲಿ ಎರಡು ಮೂರು ಡಬ್ಬಿ ಟ್ಯೂನಾ ಇಟ್ಟುಕೊಳ್ಳುವುದು ಒಳ್ಳೆಯದು. ಇದು ನಮಗೆ ಅಪರಿಚಿತ ಮೀನೇನಲ್ಲ. ಮಂಗಳೂರು ಕಡೆ ಕೇದರ ಎನ್ನುತ್ತಾರೆ, ಮಲಯಾಳದವರಿಗೆ ಇದು ಚೂರ. ಹಸಿ ಮೀನಾಗಿ ತಿಂದವರಿಗೂ ಡಬ್ಬಿಯದು ಕೈ ಕೊಡುವುದುಂಟು. ಒಣಗಿ ನಾರಾಗುತ್ತದೆ, ಇಲ್ಲವೇ ಪುಡಿಪುಡಿಯಾಗಿ ಗೊಜ್ಜಾಗುತ್ತದೆ, ವಾಸನೆ ಬರುತ್ತದೆ.

ಇದಕ್ಕೆಲ್ಲ ಮೂಲ ಕಾರಣ ಒಂದೇ. ಡಬ್ಬಿಯೊಳಗಿನ ಮೀನು ಬೆಂದಿರುತ್ತದೆ. ಸಾಮಾನ್ಯವಾಗಿ ಕಾರ್ಖಾನೆಯಲ್ಲಿ ಒಮ್ಮೆ ಬೇಯಿಸಿ, ಚರ್ಮ ಮುಳ್ಳು ತೆಗೆದು, ಡಬ್ಬಿಗೆ ತುಂಬಿ ಗಾಳಿಯಾಡದಂತೆ ಮುಚ್ಚಿ, ಆಮೇಲೆ ಒತ್ತಡದ ಹಬೆಯಲ್ಲಿ 115 ಡಿಗ್ರಿಗೂ ಮೀರಿ ಕಾಯಿಸುತ್ತಾರೆ. ನಮ್ಮ ಕುಕ್ಕರ್ ಹೆಚ್ಚುಕಡಿಮೆ ಮುಟ್ಟುವ ಬಿಸಿ ಅದು. ಹೀಗೆ ಎರಡು ಸಲ ಬೆಂದ ಮಾಂಸವನ್ನು ಹಸಿ ಮೀನಿನ ಲೆಕ್ಕದಲ್ಲಿ ಮಸಾಲೆಯೊಂದಿಗೆ ಹದಿನೈದು ನಿಮಿಷ ಕುದಿಸಿದರೆ ಒಳಗೆ ಉಳಿದಿದ್ದ ನೀರೂ ಹಿಂಡಿ ಹೋಗುತ್ತದೆ. ಆದ್ದರಿಂದ ಕೆಳಗಿನ ಎಲ್ಲ ಅಡುಗೆಗೂ ಕ್ರಮ ಒಂದೇ: ಮಸಾಲೆ ಪೂರ್ತಿ ಬೇಯಬೇಕು, ಮೀನು ಕೊನೆಗೆ ಬರಬೇಕು, ಬಂದ ಮೇಲೆ ಬಿಸಿಯಾದರೆ ಸಾಕು.

ಕೊಳ್ಳುವಾಗ ನೋಡಬೇಕಾದ್ದು

ಅಂಗಡಿಯಲ್ಲಿ ಮುಖ್ಯವಾಗಿ ಎರಡು ಬಗೆ ಸಿಗುತ್ತವೆ: ಉಪ್ಪುನೀರಿನಲ್ಲಿ ಇಟ್ಟದ್ದು ಮತ್ತು ಎಣ್ಣೆಯಲ್ಲಿ ಇಟ್ಟದ್ದು. ಪಲ್ಯ, ಕಟ್ಲೆಟ್, ಬುರ್ಜಿಗೆ ಉಪ್ಪುನೀರಿನದು ಸಾಕು. ಸಾರಿಗೆ, ಅನ್ನಕ್ಕೆ ಎಣ್ಣೆಯದು ಮೇಲು, ಮಾಂಸ ಮೆತ್ತಗಿರುತ್ತದೆ. ಎರಡರಲ್ಲೂ 'ಚಂಕ್ಸ್' ಎಂದಿದ್ದರೆ ತುಂಡುಗಳು, 'ಫ್ಲೇಕ್ಸ್' ಎಂದಿದ್ದರೆ ಚೂರು. ಫ್ಲೇಕ್ಸ್ ತಂದು ಸಾರು ಮಾಡಬೇಡಿ, ಮೀನು ಸಾರಿನಲ್ಲಿ ಕರಗಿ ಹೋಗುತ್ತದೆ.

ಡಬ್ಬಿಯ ಮೇಲೆ ಎರಡು ತೂಕ ಇರುತ್ತದೆ. ಒಟ್ಟು ತೂಕ 185 ಗ್ರಾಂ ಎಂದಿದ್ದರೂ ನೀರು ಬಸಿದ ಮೇಲೆ ಉಳಿಯುವ ಮೀನು ಸುಮಾರು 130 ಗ್ರಾಂ. ಬೆಲೆ ಹೋಲಿಸುವಾಗ ಬಸಿದ ತೂಕವನ್ನೇ ಹಿಡಿಯಿರಿ. ಪದಾರ್ಥಗಳ ಪಟ್ಟಿಯಲ್ಲಿ ಮೀನು, ನೀರು ಅಥವಾ ಎಣ್ಣೆ, ಉಪ್ಪು ಇಷ್ಟೇ ಇದ್ದರೆ ಅದು ಅಡುಗೆಗೆ ಎಲ್ಲಕ್ಕಿಂತ ಅನುಕೂಲ. ಸಾಸ್, ಮಸಾಲೆ ಬೆರೆತದ್ದು ನಮ್ಮ ಒಗ್ಗರಣೆಗೆ ಹೊಂದುವುದಿಲ್ಲ.

ಉಬ್ಬಿದ ಡಬ್ಬಿಯನ್ನು, ಸೋರಿದ್ದನ್ನು, ಅಂಚಿನ ಮಡಿಕೆಯ ಮೇಲೆ ಜಜ್ಜಿದ್ದನ್ನು ಅಂಗಡಿಯಲ್ಲೇ ಬಿಟ್ಟು ಬನ್ನಿ. ಮೈಯಲ್ಲಿ ಸಣ್ಣ ತಗ್ಗಿದ್ದರೆ ಚಿಂತೆಯಿಲ್ಲ, ಅಂಚು ಮಾತ್ರ ಸರಿಯಿರಬೇಕು, ಏಕೆಂದರೆ ಗಾಳಿಯನ್ನು ತಡೆಯುವುದು ಆ ಅಂಚೇ. ಕೊಡಗಿನ ಮಳೆಗಾಲದಲ್ಲಿ ಇನ್ನೊಂದು ತೊಂದರೆ ಉಂಟು: ತುಕ್ಕು. ಗೋಡೆಗೆ ತಾಗಿದ ಕಪಾಟಿನಲ್ಲಿ ಇಟ್ಟ ಡಬ್ಬಿ ಒಂದೇ ಮಳೆಗಾಲಕ್ಕೆ ಕಂದು ತಿರುಗುತ್ತದೆ. ಬಟ್ಟೆಯಲ್ಲಿ ಒರೆಸಿದಾಗ ಹೋಗುವ ತುಕ್ಕಾದರೆ ಮೀನಿಗೆ ಏನೂ ಆಗಿಲ್ಲ. ಉಗುರಿಗೆ ಸಿಗುವಂತೆ ಗುಳಿ ಬಿದ್ದಿದ್ದರೆ ಎಸೆಯಿರಿ. ಡಬ್ಬಿಗಳನ್ನು ಗೋಡೆಯಿಂದ ಸ್ವಲ್ಪ ದೂರಕ್ಕೆ, ಮರದ ಹಲಗೆಯ ಮೇಲೆ ಇಡಿ. ಬೆಚ್ಚಗಿರಲೆಂದು ಒಲೆಯ ಮೇಲಿನ ಅಟ್ಟದಲ್ಲಿ ಮಾತ್ರ ಇಡಬೇಡಿ, ಹೆಚ್ಚು ಬಿಸಿಯಲ್ಲಿ ಬಹುಕಾಲ ಕುಳಿತರೆ ರುಚಿ ಕೆಡುತ್ತದೆ.

ತೆರೆದು ಬಸಿಯುವುದು

ಅರ್ಧ ಅಡುಗೆ ಇಲ್ಲೇ ಇದೆ. ಮುಚ್ಚಳ ಎಳೆದಾಗ 'ಪುಸ್' ಎಂದು ಗಾಳಿ ಒಳಗೆ ಹೋದ ಸದ್ದು ಬಂದರೆ ಸರಿ. ಒಳಗಿನ ನೀರು ಹೊರಕ್ಕೆ ಚಿಮ್ಮಿದರೆ ಅಥವಾ ಕೊಳೆತ ವಾಸನೆ ಬಂದರೆ ರುಚಿ ಕೂಡ ನೋಡದೆ ಎಸೆಯಿರಿ. ಡಬ್ಬಿ ಆಹಾರ ಕೆಟ್ಟಾಗ ಹುಟ್ಟುವ ಬಾಟುಲಿಸಂ ವಿಷ ನಾಲಿಗೆಗೆ ತಾಗುವಷ್ಟಿದ್ದರೂ ಅಪಾಯವೇ. ಅದು ಪ್ರತಿ ಸಲವೂ ವಾಸನೆಯಿಂದ ಗೊತ್ತಾಗುವುದಿಲ್ಲ, ಉಬ್ಬಿದ ಡಬ್ಬಿಯನ್ನು ತರಲೇಬೇಡಿ ಎಂದದ್ದು ಅದಕ್ಕೇ.

ಮೀನನ್ನು ಸಣ್ಣ ಕಣ್ಣಿನ ಜರಡಿಗೆ ಸುರಿದು ಐದು ನಿಮಿಷ ಬಿಡಿ. ಆಮೇಲೆ ಚಮಚದ ಬೆನ್ನಿನಿಂದ ಹಗುರವಾಗಿ ಒತ್ತಿ. 185 ಗ್ರಾಂ ಡಬ್ಬಿಯಿಂದ ಮೂರು ದೊಡ್ಡ ಚಮಚಕ್ಕೂ ಹೆಚ್ಚು ನೀರು ಇಳಿಯುತ್ತದೆ. ಆ ನೀರು ಬಾಣಲೆಗೆ ಹೋದರೆ ಪಲ್ಯ ಹುರಿಯುವ ಬದಲು ಬೇಯುತ್ತದೆ, ಕಟ್ಲೆಟ್ ಒಡೆಯುತ್ತದೆ, ಎಲ್ಲಕ್ಕೂ ಡಬ್ಬಿಯ ವಾಸನೆ ಅಂಟುತ್ತದೆ. ಕತ್ತರಿಸಿದ ಮುಚ್ಚಳವನ್ನೇ ಬೆರಳಿನಿಂದ ಒಳಕ್ಕೆ ಒತ್ತಿ ನೀರು ಬಸಿಯುವ ಅಭ್ಯಾಸ ಹಲವರಿಗಿದೆ. ಆ ಅಂಚು ಬ್ಲೇಡಿನಷ್ಟು ಹರಿತ, ಬೆರಳು ಕೊಯ್ಯುವುದು ಬಹುಪಾಲು ಆಗಲೇ. ಜರಡಿಯೇ ಕ್ಷೇಮ.

ರಕ್ತದೊತ್ತಡ ಇರುವವರು ಮನೆಯಲ್ಲಿದ್ದರೆ ಉಪ್ಪುನೀರಿನ ಮೀನನ್ನು ಜರಡಿಯಲ್ಲೇ ಒಮ್ಮೆ ತಣ್ಣೀರಿನಿಂದ ತೊಳೆಯಿರಿ, ಉಪ್ಪು ಸಾಕಷ್ಟು ಇಳಿಯುತ್ತದೆ. ಲೇಬಲ್ಲಿನಲ್ಲಿ ಕೊಟ್ಟಿರುವ ಸೋಡಿಯಂ ಅಂಕಿಯನ್ನು ಎರಡೂವರೆಯಿಂದ ಗುಣಿಸಿದರೆ ಉಪ್ಪಿನ ಲೆಕ್ಕ ಸಿಗುತ್ತದೆ. ಎಣ್ಣೆಯ ಡಬ್ಬಿಯಾದರೆ ಬಸಿದ ಎಣ್ಣೆಯಲ್ಲಿ ಒಂದು ದೊಡ್ಡ ಚಮಚವನ್ನು ಒಗ್ಗರಣೆಗೆ ಬಳಸಬಹುದು. ಮೀನಿನ ರುಚಿ ಅದರಲ್ಲೂ ಇಳಿದಿರುತ್ತದೆ.

ಡಬ್ಬಿಯ ತಳದಲ್ಲೋ ಮಾಂಸದ ಎಸಳುಗಳ ನಡುವೆಯೋ ಕಲ್ಲುಸಕ್ಕರೆಯ ಪುಟ್ಟ ಚೂರಿನಂಥ, ಬೆಳಕಿಗೆ ಹಿಡಿದರೆ ಹೊಳೆಯುವ ಹರಳು ಒಮ್ಮೊಮ್ಮೆ ಸಿಗುತ್ತದೆ. ಹಲ್ಲಿಗೆ ಸಿಕ್ಕಾಗ ಗಾಜಿನ ಚೂರೆಂದೇ ಗಾಬರಿಯಾಗುತ್ತದೆ. ಬಹುಮಟ್ಟಿಗೆ ಅದು ಸ್ಟ್ರುವೈಟ್. ಮೀನಿನಲ್ಲೇ ಇರುವ ಮೆಗ್ನೀಷಿಯಂ, ಫಾಸ್ಫೇಟ್, ಅಮೋನಿಯಾ ಸೇರಿ ಡಬ್ಬಿ ತಣ್ಣಗಾಗುವಾಗ ಹರಳುಗಟ್ಟಿದ್ದು, ಹೊಟ್ಟೆಗೆ ಹಾನಿಯಿಲ್ಲ. ಖಚಿತ ಮಾಡಿಕೊಳ್ಳಬೇಕಾದರೆ ಹರಳನ್ನು ಪುಟ್ಟ ಸ್ಟೀಲ್ ಬಟ್ಟಲಿಗೆ ಹಾಕಿ, ಎರಡು ಚಮಚ ವಿನೆಗರ್ ಅಥವಾ ನಿಂಬೆರಸ ಸುರಿದು ಸಣ್ಣ ಉರಿಯಲ್ಲಿ ಕೆಲವು ನಿಮಿಷ ಕಾಯಿಸಿ. ಮೊದಲು ಅಂಚು ಮಸುಕಾಗುತ್ತದೆ, ಆಮೇಲೆ ಹರಳು ಸವೆದು ಕರಗುತ್ತದೆ. ಗಾಜಾದರೆ ಹಾಕಿದ ಹಾಗೆಯೇ ಇರುತ್ತದೆ. ಹಾಗಿದ್ದರೆ ಆ ಮೀನನ್ನು ತಿನ್ನಬೇಡಿ.

ಕಾಳುಮೆಣಸು, ಕಾಚಂಪುಳಿ ಹಾಕಿದ ಪಲ್ಯ

ಒಂದೇ ಒಂದು ಅಡುಗೆ ಕಲಿಯುವುದಾದರೆ ಇದನ್ನು ಕಲಿಯಿರಿ. ಡಬ್ಬಿ ಮೀನಿನ ವಾಸನೆಗೆ ಕಾರಣ ಅಮೈನ್ ಎಂಬ ಕ್ಷಾರ ಗುಣದ ವಸ್ತುಗಳು. ಹುಳಿ ತಾಗಿದರೆ ಅವು ಗಾಳಿಗೆ ಹಾರದ ರೂಪಕ್ಕೆ ತಿರುಗುತ್ತವೆ, ಮೂಗಿಗೆ ಬಡಿಯುವುದು ನಿಲ್ಲುತ್ತದೆ. ನಿಂಬೆಯೂ ಈ ಕೆಲಸ ಮಾಡುತ್ತದೆ. ಆದರೆ ಹಣ್ಣಿನ ರಸವನ್ನು ಕಪ್ಪಾಗುವ ತನಕ ಕುದಿಸಿ ಇಳಿಸಿದ ಕಾಚಂಪುಳಿಗೆ ಹುಳಿಯ ಜೊತೆ ಹೊಗೆಯಂಥ ಗಾಢ ರುಚಿಯೂ ಇದೆ. ಹಂದಿ ಕರಿಗೆ ಹೊಂದುವಷ್ಟೇ ಚೆನ್ನಾಗಿ ಟ್ಯೂನಾಕ್ಕೂ ಅದು ಹೊಂದುತ್ತದೆ.

ಒಂದು ಡಬ್ಬಿಗೆ, ಇಬ್ಬರಿಗೆ ಬೇಕಾದ್ದು: ಎಣ್ಣೆ ಒಂದೂವರೆ ದೊಡ್ಡ ಚಮಚ, ಸಾಸಿವೆ ಅರ್ಧ ಟೀ ಚಮಚ, ಕರಿಬೇವು ಒಂದು ಕಡ್ಡಿ, ಸಣ್ಣಗೆ ಹೆಚ್ಚಿದ ಈರುಳ್ಳಿ ಎರಡು, ಜಜ್ಜಿದ ಬೆಳ್ಳುಳ್ಳಿ ಐದು ಎಸಳು, ಶುಂಠಿ ಅರ್ಧ ಇಂಚು, ಹಸಿಮೆಣಸು ಎರಡು (ತೋಟದ ಸೂಜಿಮೆಣಸಾದರೆ ನಾಲ್ಕು ಸಾಕು), ಅರಿಶಿನ ಕಾಲು ಟೀ ಚಮಚ, ಹುರಿದ ಕೊತ್ತಂಬರಿ ಪುಡಿ ಒಂದು ಟೀ ಚಮಚ, ತರಿತರಿಯಾಗಿ ಕುಟ್ಟಿದ ಕಾಳುಮೆಣಸು ಒಂದು ಟೀ ಚಮಚ, ಕಾಚಂಪುಳಿ ಅರ್ಧ ಟೀ ಚಮಚ.

1. ಕಾಚಂಪುಳಿಯನ್ನು ಎರಡು ಟೀ ಚಮಚ ನೀರಿನಲ್ಲಿ ಕದಡಿ ಪಕ್ಕಕ್ಕಿಡಿ. ಗಟ್ಟಿಯಾಗಿ ಹಾಗೆಯೇ ಹಾಕಿದರೆ ಬಿದ್ದ ಜಾಗದ ಮೀನು ಕಪ್ಪಾಗಿ ಕಹಿಹುಳಿಯಾಗುತ್ತದೆ, ಉಳಿದದ್ದು ಸಪ್ಪೆ.

2. ಅಗಲ ಬಾಣಲೆಯಲ್ಲಿ ಎಣ್ಣೆ ಕಾಯಿಸಿ ಸಾಸಿವೆ ಸಿಡಿಸಿ, ಕರಿಬೇವು, ಬೆಳ್ಳುಳ್ಳಿ, ಶುಂಠಿ, ಹಸಿಮೆಣಸು ಹಾಕಿ. ಬೆಳ್ಳುಳ್ಳಿಯ ಅಂಚು ಹೊಂಬಣ್ಣಕ್ಕೆ ಬಂದೊಡನೆ ಈರುಳ್ಳಿ ಸೇರಿಸಿ.

3. ಈರುಳ್ಳಿಯನ್ನು ನಡು ಉರಿಯಲ್ಲಿ ಎಂಟರಿಂದ ಹತ್ತು ನಿಮಿಷ ಬಾಡಿಸಿ. ಆತುರ ಬೇಡ. ಮೀನು ಬಿದ್ದ ಮೇಲೆ ಈರುಳ್ಳಿ ಬೇಯಲು ಸಮಯವಿರುವುದಿಲ್ಲ, ಹಸಿಯಾಗಿ ಉಳಿದರೆ ಪಲ್ಯ ಕಡೆತನಕ ಹಸಿಯೇ. ಅಂಚು ಕಂದಾಗಿ, ರಾಶಿ ಅರ್ಧಕ್ಕೆ ಇಳಿದಿರಬೇಕು.

4. ಅರಿಶಿನ, ಕೊತ್ತಂಬರಿ ಪುಡಿ ಹಾಕಿ ಒಂದು ನಿಮಿಷ ಹುರಿಯಿರಿ. ತಳ ಹಿಡಿದರೆ ಒಂದು ಚಮಚ ನೀರು ಚಿಮುಕಿಸಿ.

5. ಉರಿ ಏರಿಸಿ, ಬಸಿದ ಮೀನು ಹಾಕಿ. ಸಟ್ಟುಗದಿಂದ ಕಲಕಬೇಡಿ, ಒಮ್ಮೆ ಹರಡಿ ಅರ್ಧ ನಿಮಿಷ ಬಿಟ್ಟು, ಅಡಿಯಿಂದ ಎತ್ತಿ ಮಗುಚಿ. ಎರಡೇ ನಿಮಿಷ.

6. ಕಾಳುಮೆಣಸು ಹಾಕಿ ಒಮ್ಮೆ ಮಗುಚಿ, ಒಲೆ ಆರಿಸಿ, ಕದಡಿದ ಕಾಚಂಪುಳಿಯನ್ನು ಸುತ್ತಲೂ ಹನಿಸಿ ಮುಚ್ಚಿಡಿ. ಮೂರು ನಿಮಿಷದ ನಂತರ ರುಚಿ ನೋಡಿ, ಬೇಕಾದರೆ ಮಾತ್ರ ಉಪ್ಪು ಹಾಕಿ. ಉಪ್ಪುನೀರಿನ ಡಬ್ಬಿಗೆ ಮೊದಲೇ ಉಪ್ಪು ಹಾಕಿದವರಿಗೆ ಇಳಿಸುವ ದಾರಿ ಇಲ್ಲ.

ಅಕ್ಕಿ ಒಟ್ಟಿಯ (ರೊಟ್ಟಿಯ) ಜೊತೆ, ಹಬೆಯಲ್ಲಿ ಬೇಯಿಸಿದ ಅಕ್ಕಿತರಿಯ ಉಂಡೆ ಕಡಂಬುಟ್ಟಿನ ಜೊತೆ ಇದು ಹೊಂದುತ್ತದೆ. ಕಡಂಬುಟ್ಟಿಗೆ ಸ್ವಲ್ಪ ತೇವ ಬೇಕೆನಿಸಿದರೆ ಐದನೆಯ ಹಂತದಲ್ಲಿ ಮೀನಿಗೆ ಮೊದಲು ಕಾಲು ಲೋಟ ಬಿಸಿನೀರು ಹಾಕಿ ಕುದಿಸಿಕೊಳ್ಳಿ. ಬಾಣಲೆ ಸ್ಟೀಲಿನದೋ ಕಬ್ಬಿಣದ್ದೋ ಇರಲಿ. ಕಬ್ಬಿಣದಲ್ಲಿ ಮಾಡಿದರೆ ಹುಳಿ ಬಿದ್ದ ಕೂಡಲೇ ಪಲ್ಯವನ್ನು ಬೇರೆ ಪಾತ್ರೆಗೆ ತೆಗೆಯಿರಿ, ಇಲ್ಲವಾದರೆ ಲೋಹದ ರುಚಿ ಏರುತ್ತದೆ. ಅಲ್ಯೂಮಿನಿಯಂ ಪಾತ್ರೆ ಕಾಚಂಪುಳಿಗೆ ಆಗದು.

ಇದೇ ಪಲ್ಯ ಉಳಿದರೆ ಮರುದಿನ ಬೆಳಿಗ್ಗೆ ಎರಡು ಮೊಟ್ಟೆ ಒಡೆದು ಬುರ್ಜಿ ಮಾಡಿ. ಮೊಟ್ಟೆ ಮುಕ್ಕಾಲು ಗಟ್ಟಿಯಾದ ಮೇಲೆ ಪಲ್ಯ ಸೇರಿಸಿ ಇಳಿಸಿ. ತಣ್ಣಗಿನ ಉದುರು ಅನ್ನಕ್ಕೆ ಬೆರೆಸಿದರೆ ಹತ್ತು ನಿಮಿಷದ ಮೀನನ್ನವಾಗುತ್ತದೆ. ಬಿಸಿ ಅನ್ನಕ್ಕೆ ಬೆರೆಸಿದರೆ ಮುದ್ದೆಯಾಗುತ್ತದೆ.

ಕಟ್ಲೆಟ್ ಒಡೆಯದಂತೆ

ಕೊಡಗಿನ ಮದುವೆ ಊಟದಲ್ಲಿ ಕಟ್ಲೆಟ್ ತಿಂದು ಬೆಳೆದವರಿಗೆ ಹದ ಹೇಳಿಕೊಡಬೇಕಿಲ್ಲ: ಹೊರಗೆ ಗರಿ, ಒಳಗೆ ಮೆತ್ತಗೆ, ಕೈಯಲ್ಲಿ ಹಿಡಿದರೆ ಮುರಿಯಬಾರದು. ಟ್ಯೂನಾದಲ್ಲಿ ಆ ಹದ ತಪ್ಪುವುದು ನೀರಿನಿಂದ. ನೀರು ಮೀನಿನಿಂದ ಬರಬಹುದು, ಆಲೂಗಡ್ಡೆಯಿಂದ ಬರಬಹುದು, ಮಳೆಗಾಲದಲ್ಲಿ ಬ್ರೆಡ್ ಪುಡಿಯಿಂದಲೂ ಬರುತ್ತದೆ.

ಒಂದು ಡಬ್ಬಿಗೆ 250 ಗ್ರಾಂ ಆಲೂಗಡ್ಡೆ. ಸಿಪ್ಪೆಸಮೇತ, ಕತ್ತರಿಸದೆ ಬೇಯಿಸಿ. ಕತ್ತರಿಸಿ ಬೇಯಿಸಿದ ಆಲೂಗಡ್ಡೆ ನೀರು ಕುಡಿದಿರುತ್ತದೆ. ಸಿಪ್ಪೆ ಸುಲಿದು, ಒಡೆದು, ತಟ್ಟೆಯಲ್ಲಿ ಹರಡಿ ಹತ್ತು ನಿಮಿಷ ಹಬೆ ಆರಲು ಬಿಡಿ. ಈ ಕಟ್ಲೆಟ್ಟಿಗೆ ಮೀನನ್ನು ಜರಡಿಯಲ್ಲಿ ಬಸಿದರೆ ಸಾಲದು, ಬಸಿದ ಮೇಲೆ ಮುಷ್ಟಿಯಲ್ಲಿ ಹಿಡಿದು ಗಟ್ಟಿಯಾಗಿ ಹಿಂಡಿ. ಒಂದು ಈರುಳ್ಳಿ, ಎರಡು ಹಸಿಮೆಣಸು, ಶುಂಠಿಯನ್ನು ಸಣ್ಣಗೆ ಹೆಚ್ಚಿ, ಒಂದು ಚಮಚ ಎಣ್ಣೆಯಲ್ಲಿ ನೀರಿನಂಶ ಹೋಗುವ ತನಕ ಬಾಡಿಸಿ ಆರಿಸಿ. ಹಸಿ ಈರುಳ್ಳಿ ಹಾಕಿದರೆ ಉಪ್ಪು ತಾಗಿ ನೀರು ಬಿಡುತ್ತದೆ. ಎಲ್ಲವನ್ನೂ ಒಂದು ಟೀ ಚಮಚ ಕಾಳುಮೆಣಸಿನ ಪುಡಿ, ಒಂದು ಹಿಡಿ ಕೊತ್ತಂಬರಿ ಸೊಪ್ಪು, ಅರ್ಧ ನಿಂಬೆಯ ರಸದೊಂದಿಗೆ ಬೆರೆಸಿ. ಒಂದು ಉಂಡೆ ಕಟ್ಟಿ ಅಂಗೈಯಲ್ಲಿ ಒತ್ತಿ ನೋಡಿ. ಅಂಚು ಸೀಳದಿದ್ದರೆ ಹದ ಸರಿ. ಅಂಗೈಗೆ ಅಂಟಿದರೆ ಒಂದು ಚಮಚ ಅಕ್ಕಿಹಿಟ್ಟು ಸೇರಿಸಿ, ಅದಕ್ಕಿಂತ ಹೆಚ್ಚು ಬೇಡ, ಹಿಟ್ಟಿನ ರುಚಿ ಮುಂದೆ ಬರುತ್ತದೆ.

ಎಂಟು ಭಾಗ ಮಾಡಿ, ಒಂದೂವರೆ ಸೆಂಟಿಮೀಟರ್ ದಪ್ಪಕ್ಕೆ ತಟ್ಟಿ, ಅರ್ಧ ಗಂಟೆ ಫ್ರಿಜ್ಜಿನಲ್ಲಿಡಿ. ಅಷ್ಟರಲ್ಲಿ ಬ್ರೆಡ್ ಪುಡಿಯನ್ನು ಬರಿ ಬಾಣಲೆಯಲ್ಲಿ ಸಣ್ಣ ಉರಿಗೆ ಎರಡು ನಿಮಿಷ ಹುರಿದುಕೊಳ್ಳಿ. ಜುಲೈನ ತೇವಕ್ಕೆ ಮೆತ್ತಗಾದ ಪುಡಿ ಎಣ್ಣೆ ಹೀರುತ್ತದೆ, ಗರಿಯಾಗುವುದಿಲ್ಲ. ಪುಡಿ ಇಲ್ಲದಿದ್ದರೆ ಸಣ್ಣ ರವೆ ಆಗುತ್ತದೆ. ಕಟ್ಲೆಟ್ಟನ್ನು ಕಡೆದ ಮೊಟ್ಟೆಯಲ್ಲಿ ಅದ್ದಿ, ಪುಡಿಯಲ್ಲಿ ಹೊರಳಿಸಿ, ಒಂದು ಸೆಂಟಿಮೀಟರ್ ಆಳದ ಕಾದ ಎಣ್ಣೆಯಲ್ಲಿ ಬಿಡಿ. ಪುಡಿಯ ಚಿಟಿಕೆ ಹಾಕಿದಾಗ ತಕ್ಷಣ ಗುಳ್ಳೆಯೆದ್ದರೆ ಎಣ್ಣೆ ಕಾದಿದೆ. ಒಮ್ಮೆಗೆ ನಾಲ್ಕಕ್ಕಿಂತ ಹೆಚ್ಚು ಬೇಡ. ಒಂದೊಂದು ಬದಿಗೆ ಎರಡು ನಿಮಿಷ, ತಳ ಗಟ್ಟಿಯಾಗುವ ಮೊದಲು ಮುಟ್ಟಬೇಡಿ. ಒಳಗಿರುವುದೆಲ್ಲ ಬೆಂದದ್ದೇ, ಹೊರಗಿನ ಬಣ್ಣ ಬಂದರೆ ಕೆಲಸ ಮುಗಿಯಿತು.

ನೂಲ್‌ಪುಟ್ಟಿಗೆ ತೆಂಗಿನಹಾಲಿನ ಸಾರು

ನೂಲ್‌ಪುಟ್ಟು ಎಂದರೆ ಅಕ್ಕಿ ಶಾವಿಗೆ. ಅದರ ಜೊತೆಗಿನ ಈ ಸಾರಿಗೆ ಎಣ್ಣೆಯಲ್ಲಿಟ್ಟ ಚಂಕ್ಸ್ ಡಬ್ಬಿ. ಅರ್ಧ ತೆಂಗಿನಕಾಯಿಯಿಂದ ಮೊದಲ ಗಟ್ಟಿ ಹಾಲು ಅರ್ಧ ಲೋಟ, ಎರಡನೆಯ ತೆಳುಹಾಲು ಒಂದೂವರೆ ಲೋಟ ತೆಗೆದಿಡಿ. ಡಬ್ಬಿಯ ಎಣ್ಣೆ ಒಂದು ದೊಡ್ಡ ಚಮಚದಲ್ಲಿ ಈರುಳ್ಳಿ, ಶುಂಠಿ, ಸೀಳಿದ ಹಸಿಮೆಣಸು, ಒಂದು ಟೊಮೆಟೊ ಬಾಡಿಸಿ, ಎರಡು ಟೀ ಚಮಚ ಕೊತ್ತಂಬರಿ ಪುಡಿ, ಕಾಲು ಚಮಚ ಅರಿಶಿನ ಹಾಕಿ ಹುರಿದು, ತೆಳುಹಾಲು ಸುರಿದು ಎಂಟು ನಿಮಿಷ ಕುದಿಸಿ. ಉಪ್ಪು, ಖಾರ ಇಲ್ಲಿಯೇ ಸರಿಮಾಡಿಕೊಳ್ಳಿ. ಉರಿ ತಗ್ಗಿಸಿ, ಗಟ್ಟಿ ಹಾಲು ಹಾಕಿ, ಮೀನಿನ ತುಂಡುಗಳನ್ನು ಒಂದೊಂದಾಗಿ ಇಳಿಸಿ. ಚಮಚ ಹಾಕದೆ ಪಾತ್ರೆಯನ್ನೇ ಹಿಡಿದು ತಿರುಗಿಸಿ. ಅಂಚಿನಲ್ಲಿ ಗುಳ್ಳೆ ಕಂಡೊಡನೆ ಇಳಿಸಿ. ಹುಳಿ ಬೇಕಾದರೆ ಇಳಿಸಿದ ಮೇಲೆ ಕಾಲು ಟೀ ಚಮಚ ಕಾಚಂಪುಳಿ, ನೀರಿನಲ್ಲಿ ಕದಡಿ ಹಾಕಿ. ಕುದಿಯುವ ಗಟ್ಟಿ ಹಾಲಿಗೆ ಹುಳಿ ಬಿದ್ದರೆ ಹಾಲು ಒಡೆದು ಮೇಲೆ ಎಣ್ಣೆ, ಕೆಳಗೆ ತರಿ ನಿಲ್ಲುತ್ತದೆ.

ಮಳೆಗಾಲದಲ್ಲಿ ಕಣಿಲೆ (ಎಳೆ ಬಿದಿರಿನ ಮೊಳಕೆ) ಸಿಕ್ಕಿದರೆ ಈ ಸಾರಿಗೆ ಒಂದು ಹಿಡಿ ಸೇರಿಸಬಹುದು. ಕಣಿಲೆಯನ್ನು ಹೆಚ್ಚಿ, ದಿನವೂ ನೀರು ಬದಲಿಸುತ್ತಾ ಎರಡು ಮೂರು ದಿನ ನೆನೆಸಿ, ಆಮೇಲೆ ಬೇಯಿಸಿ ಆ ನೀರನ್ನೂ ಚೆಲ್ಲಿದ ಮೇಲೆಯೇ ಹಾಕಬೇಕು. ಹಸಿ ಕಣಿಲೆಯಲ್ಲಿ ಸಯನೈಡ್ ಬಿಡುವ ವಸ್ತು ಇದೆ, ಹಳಬರ ಈ ಕ್ರಮ ಅದನ್ನು ತೆಗೆಯಲೆಂದೇ ಇರುವುದು. ಮೀನು ಬೇಗ ಆಗುತ್ತದೆಂದು ಕಣಿಲೆಯನ್ನೂ ಬೇಗ ಮಾಡಲು ಹೋಗಬೇಡಿ.

ಬ್ರೆಡ್ಡಿಗೆ

ಒಲೆ ಹಚ್ಚದ ಊಟಕ್ಕೆ: ಒಂದು ಲೋಟ ಮೊಸರನ್ನು ಬಟ್ಟೆಯಲ್ಲಿ ಕಟ್ಟಿ ಎರಡು ಗಂಟೆ ತೂಗುಹಾಕಿ, ಉಳಿದ ಗಟ್ಟಿಯಲ್ಲಿ ಮೂರು ದೊಡ್ಡ ಚಮಚವನ್ನು ಬಸಿದ ಮೀನು, ಸಣ್ಣಗೆ ಹೆಚ್ಚಿದ ಈರುಳ್ಳಿ, ಸೌತೆ, ಕಾಳುಮೆಣಸಿನೊಂದಿಗೆ ಬೆರೆಸಿ. ಸೌತೆಯ ಬೀಜದ ತಿರುಳು ತೆಗೆದುಬಿಡಿ. ಮಯೋನೀಸಿಗಿಂತ ಇದು ಹಗುರ, ನಮ್ಮ ನಾಲಿಗೆಗೂ ಹತ್ತಿರ. ಮಕ್ಕಳ ಶಾಲೆಯ ಡಬ್ಬಿಗೆ ಮಾತ್ರ ಇದನ್ನು ಹಾಕಬೇಡಿ. ಬೆಳಿಗ್ಗೆ ಎಂಟಕ್ಕೆ ಕಟ್ಟಿದ್ದು ಮಧ್ಯಾಹ್ನ ಒಂದಕ್ಕೆ ತಿನ್ನುವಷ್ಟರಲ್ಲಿ ಐದು ಗಂಟೆ ಹೊರಗೆ ಇದ್ದಿರುತ್ತದೆ.

ಉಳಿದದ್ದನ್ನು ಇಡುವುದು

ಟ್ಯೂನಾದ ವಿಷಯದಲ್ಲಿ ನಿಜಕ್ಕೂ ಎಚ್ಚರ ಬೇಕಾದ ಜಾಗ ಇದು. ತೆರೆದ ಮೀನು ಬೆಚ್ಚಗೆ ಕುಳಿತರೆ ಬ್ಯಾಕ್ಟೀರಿಯಾಗಳು ಅದರಲ್ಲಿ ಹಿಸ್ಟಮೀನ್ ಹುಟ್ಟಿಸುತ್ತವೆ. ತಿಂದ ಕೆಲವು ನಿಮಿಷದಿಂದ ಒಂದೆರಡು ಗಂಟೆಯೊಳಗೆ ಮುಖ ಕೆಂಪಾಗಿ ಬಿಸಿಯಾಗುವುದು, ತುರಿಕೆ, ತಲೆನೋವು, ವಾಂತಿ ಬರಬಹುದು. ಇದು ಮೀನಿನ ಅಲರ್ಜಿಯಂತೆಯೇ ಕಾಣುತ್ತದೆ. ಉಸಿರಾಟ ಕಷ್ಟವಾದರೆ ಅಥವಾ ಮುಖ ಊದಿದರೆ ಕಾರಣ ಹುಡುಕುತ್ತಾ ಕೂರದೆ ಕೂಡಲೇ ಆಸ್ಪತ್ರೆಗೆ ಹೋಗಿ. ಹಿಸ್ಟಮೀನ್ ಕುದಿಸಿದರೆ ಹೋಗುವುದಿಲ್ಲ, ಹುರಿದರೂ ಹೋಗುವುದಿಲ್ಲ. ಚೆನ್ನಾಗಿ ಬಿಸಿಮಾಡಿದರಾಯಿತು ಎಂಬ ಮಾತು ಇಲ್ಲಿ ನಡೆಯದು.

ಆದ್ದರಿಂದ ತೆರೆದ ಮೀನಾಗಲಿ ಮಾಡಿದ ಅಡುಗೆಯಾಗಲಿ ಎರಡು ಗಂಟೆಗಿಂತ ಹೆಚ್ಚು ಹೊರಗೆ ಇಡಬಾರದು. ಉಳಿದದ್ದನ್ನು ಡಬ್ಬಿಯಲ್ಲೇ ಬಿಡದೆ ಗಾಜಿನ ಅಥವಾ ಸ್ಟೀಲ್ ಡಬ್ಬಕ್ಕೆ ತೆಗೆದು ಮುಚ್ಚಿ ಫ್ರಿಜ್ಜಿನಲ್ಲಿಡಿ, ಎರಡು ದಿನದೊಳಗೆ ಮುಗಿಸಿ. ಕರೆಂಟ್ ನಾಲ್ಕು ಗಂಟೆಗಿಂತ ಹೆಚ್ಚು ಹೋಗಿದ್ದರೆ ಫ್ರಿಜ್ಜಿನಲ್ಲಿದ್ದ ಮೀನಿನ ಆಸೆ ಬಿಡಿ. ಗಾಳಿಗೆ ಮರ ಬಿದ್ದು ತಂತಿ ಹರಿದು ದಿನಗಟ್ಟಲೆ ಕತ್ತಲಾಗುವ ತೋಟದ ಮನೆಗಳಲ್ಲಿ ದೊಡ್ಡ ಡಬ್ಬಿ ತರುವುದೇ ತಪ್ಪು. ಸಣ್ಣ ಡಬ್ಬಿ ತಂದು, ಒಂದು ಹೊತ್ತಿಗೆ ಬೇಕಾದಷ್ಟೇ ತೆರೆಯಿರಿ. ಮುಚ್ಚಿದ ಡಬ್ಬಿಗೆ ಫ್ರಿಜ್ ಬೇಕಿಲ್ಲ, ಅದರ ದೊಡ್ಡ ಉಪಕಾರವೇ ಅದು.

ಟ್ಯೂನಾ ದೊಡ್ಡ ಮೀನು, ಬೇರೆ ಮೀನು ತಿಂದು ಬೆಳೆಯುತ್ತದೆ, ಹಾಗಾಗಿ ಮೈಯಲ್ಲಿ ಪಾದರಸ ಸೇರಿರುತ್ತದೆ. ಸ್ಕಿಪ್‌ಜ್ಯಾಕ್ ಎಂಬ ಸಣ್ಣ ಜಾತಿಯಲ್ಲಿ ಅದು ಕಡಿಮೆ, ಅಲ್ಬಕೋರಿನಲ್ಲಿ ಹೆಚ್ಚು. ಬಸುರಿಯರು, ಹಾಲೂಡಿಸುವ ತಾಯಂದಿರು, ಪುಟ್ಟ ಮಕ್ಕಳಿರುವ ಮನೆಯವರು ಲೇಬಲ್ಲಿನಲ್ಲಿ ಜಾತಿ ನೋಡಿ ಸ್ಕಿಪ್‌ಜ್ಯಾಕ್ ಆರಿಸಿ, ವಾರಕ್ಕೆ ಒಂದೆರಡು ಸಲಕ್ಕೆ ನಿಲ್ಲಿಸಿ, ಎಷ್ಟು ತಿನ್ನಬಹುದೆಂದು ವೈದ್ಯರನ್ನು ಕೇಳಿ. ಉಳಿದ ದಿನಕ್ಕೆ ಬೂತಾಯಿ, ಬಂಗುಡೆ ಇದ್ದೇ ಇವೆ.

ಖಾಲಿ ಡಬ್ಬಿಯನ್ನು ಹಾಗೆಯೇ ತೋಟದ ಬದಿಗೆ ಎಸೆಯಬೇಡಿ. ಮೀನಿನ ವಾಸನೆಗೆ ನಾಯಿ ಬಂದು ಮೂತಿ ತುರುಕುತ್ತದೆ, ನಾಲಿಗೆ ಸೀಳುತ್ತದೆ. ಸೋಪು ಹಾಕಿ ತೊಳೆದು, ಹರಿತವಾದ ಮುಚ್ಚಳವನ್ನು ಡಬ್ಬಿಯೊಳಗೆ ಹಾಕಿ, ಬಾಯಿಯನ್ನು ಕಲ್ಲಿನಿಂದ ಜಜ್ಜಿ ಮುಚ್ಚಿ, ಒಣ ಕಸದ ಚೀಲಕ್ಕೆ ಹಾಕಿ.